ಹಗಲು ನೋ ಎಂಟ್ರಿ, ರಾತ್ರಿ ನೋ ನಿದ್ದೆ: ಆರ್‌ಎಂಸಿ ಯಾರ್ಡ್ ಹತ್ತಿರದ ಅಡ್ಡರಸ್ತೆಗೆ ಯಾವ ರೂಲ್ಸು?

ಎರಡನೇಮಹಡಿ | ಭಾನುವಾರ, ರಾತ್ರಿ 2.20

ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಗ ತಾನೇ ಹನ್ನೊಂದನೇ ಲಾರಿ ಹೋಯಿತು. ಹನ್ನೆರಡೂವರೆಯಿಂದ ಎಣಿಸುತ್ತಾ ಕೂತಿದ್ದೇನೆ.

ನಮ್ಮ ಮನೆ ಬೆಂಗಳೂರಿನ ಯಶವಂತಪುರದಲ್ಲಿ, ಸಗಟು ಮಾರುಕಟ್ಟೆ ಇರುವ ಆರ್‌ಎಂಸಿ ಯಾರ್ಡ್‌ನಿಂದ ಹೆಚ್ಚೆಂದರೆ ಅರ್ಧ ಕಿಲೋಮೀಟರು. ಮೂವತ್ತಡಿ ರಸ್ತೆ, ಎರಡೂ ಕಡೆ ಮನೆಗಳು, ತಿರುವಿನಲ್ಲಿ ಒಂದು ಗಣೇಶನ ಗುಡಿ. ಯಾರ್ಡ್ ಪಕ್ಕ ಮನೆ ಮಾಡಿಕೊಂಡು ಲಾರಿ ಬೇಡ ಅಂದರೆ ಹೇಗೆ ಅಂತ ಕೇಳಬೇಡಿ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದೇವೆ. ಲಾರಿ ಸದ್ದು ದೂರದಿಂದ ಕೇಳುತ್ತಿತ್ತು, ಮಳೆ ಸದ್ದಿನ ಹಾಗೆ ಅಭ್ಯಾಸ ಆಗಿತ್ತು. ನಾಲ್ಕು ತಿಂಗಳ ಹಿಂದೆ ಏನೋ ಕಾಮಗಾರಿ ಅಂತ ಮುಖ್ಯರಸ್ತೆಯ ಮೀಡಿಯನ್‌ನಲ್ಲಿದ್ದ ಯೂ ಟರ್ನ್ ಮುಚ್ಚಿದರು. ಅವತ್ತಿನಿಂದ ಲಾರಿಗಳು ನಮ್ಮ ಬೀದಿ ಹಿಡಿದಿವೆ.

ಒಂದೊಂದು ಲಾರಿಗೂ ಒಂದು ಕ್ರಮ ಇದೆ. ಮೊದಲು ಗುಡಿ ತಿರುವಿನಲ್ಲಿ ಹಾರ್ನು. ಆಮೇಲೆ ನಮ್ಮ ಗೇಟಿನ ಮುಂದಿನ ಹಂಪು. ಲೋಡ್ ಇರುವ ಲಾರಿ ನರಳಿಕೊಂಡು ಹತ್ತಿ ಇಳಿಯುತ್ತದೆ. ಖಾಲಿ ಲಾರಿ ಬಂದರೆ ಪಾತ್ರೆ ಅಂಗಡಿಯ ಅಟ್ಟ ಕುಸಿದ ಹಾಗೆ. ಅದಾದ ಮೇಲೆ ಡಣ್, ಡಣ್ ಅಂತ ಎರಡು ಸಲ ಇನ್ನೊಂದು ಸದ್ದು. ಅದು ಏನು ಅಂತಲೇ ಗೊತ್ತಾಗಿಲ್ಲ. ಅತ್ತೆಗೆ 78 ವರ್ಷ. ಪ್ರತಿ ಸಲ ಎದ್ದು ಕೂತು "ಯಾರೋ ಗೇಟ್ ಬಡಿದರು ನೋಡು" ಅನ್ನುತ್ತಾರೆ.

ಹೋದ ವಾರ ಠಾಣೆಯೊಂದಕ್ಕೆ ಹೋಗಿ ಹೇಳಿದೆ. ಅಲ್ಲಿದ್ದವರು ಸಿಟ್ಟು ಮಾಡಲಿಲ್ಲ, ನಕ್ಕರು. "ಹಗಲು ಬಿಡೋ ಹಾಗಿಲ್ಲ. ರಾತ್ರಿನೂ ಬಿಡಬೇಡಿ ಅಂದ್ರೆ ಲಾರಿ ಯಾವಾಗ ಬರಬೇಕು ಮೇಡಂ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾಗಿ ರೂಲ್ಸ್ ಏನಿದೆ? ಯಾವ ಬೀದಿಯಲ್ಲಿ ಲಾರಿ ಹೋಗಬಹುದು ಅಂತ ಯಾರು ಹೇಳುತ್ತಾರೆ?

ಸಿಲ್ಕ್‌ಬೋರ್ಡ್‌ಸಂತ | ರಾತ್ರಿ 2.34

ಹನ್ನೊಂದು ಲಾರಿ ಎಣಿಸಿದರೂ ನಿದ್ದೆ ಬರಲಿಲ್ಲವಾ? ಕುರಿ ಎಣಿಸಿ ನೋಡಿ. ಅವುಕ್ಕೆ ಏರ್ ಹಾರ್ನ್ ಇಲ್ಲ.

ಎರಡನೇಮಹಡಿ | ರಾತ್ರಿ 2.36

ನೀವೂ ಎದ್ದಿದ್ದೀರಲ್ಲ ಸಂತರೇ.

ಸಿಲ್ಕ್‌ಬೋರ್ಡ್‌ಸಂತ | ರಾತ್ರಿ 2.37

ನಮ್ಮ ಎದುರು ಸೈಟಿನಲ್ಲಿ ರೆಡಿ ಮಿಕ್ಸ್ ಗಾಡಿ ನಿಂತಿದೆ. ಡ್ರಮ್ ತಿರುಗುತ್ತಿದೆ, ಅದರ ಜೊತೆ ನನ್ನ ತಲೆಯೂ.

ರೂಲ್ಸ್‌ಪುಸ್ತಕ | ಭಾನುವಾರ, ಬೆಳಿಗ್ಗೆ 7.05

ನಿವೃತ್ತನಾದ ಮೇಲೆ ಇಂಥದ್ದು ಓದುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ಎರಡು ಬೇರೆ ಬೇರೆ ಕಾನೂನು ಇವೆ. ಅವು ಒಂದರ ಮುಖ ಒಂದು ನೋಡಿದ ಹಾಗೆ ಕಾಣುವುದಿಲ್ಲ. ಮೊದಲನೆಯದು 1988ರ ಮೋಟಾರು ವಾಹನ ಕಾಯ್ದೆ. ಅದರ 115ನೇ ಸೆಕ್ಷನ್ ಪ್ರಕಾರ ಸರ್ಕಾರ, ಅಥವಾ ಸರ್ಕಾರ ಅಧಿಕಾರ ಕೊಟ್ಟವರು, ಒಂದು ರಸ್ತೆಯಲ್ಲಿ ಇಂಥ ವಾಹನ ಬೇಡ, ಇಂಥ ಹೊತ್ತಿನಲ್ಲಿ ಬೇಡ ಅಂತ ಹೇಳಬಹುದು. ಸಾರ್ವಜನಿಕರ ಸುರಕ್ಷತೆ, ಅನುಕೂಲ, ರಸ್ತೆ ಸೇತುವೆಯ ಸ್ಥಿತಿ, ಇವು ಅದಕ್ಕೆ ಕಾರಣ. ನಮ್ಮ ನೋ ಎಂಟ್ರಿ ಎಲ್ಲ ಹುಟ್ಟುವುದು ಇಲ್ಲಿಂದಲೇ. 12 ಟನ್ ದಾಟಿದರೆ ಭಾರಿ ಸರಕು ವಾಹನ. 7.5 ಟನ್‌ವರೆಗೆ ಹಗುರ ವಾಹನ. ನಡುವಿನದು ಮಧ್ಯಮ. ಬೋರ್ಡಿನಲ್ಲಿ ಬರೀ ಲಾರಿ ಚಿತ್ರ ಬರೆದರೆ ಇದರಲ್ಲಿ ಯಾವುದು ಅಂತ ರಸ್ತೆಯಲ್ಲೇ ಜಗಳ ಶುರುವಾಗುತ್ತದೆ.

ಎರಡನೆಯದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕೆ ಇರುವ ಕಡೆ 75 ಮತ್ತು 70. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಟ್ರಾಫಿಕ್ ಜಾಸ್ತಿ ಅಂತ ಒಂದು ನಿಯಮ ಲಾರಿಯನ್ನು ಹಗಲಿನಿಂದ ರಾತ್ರಿಗೆ ತಳ್ಳುತ್ತದೆ. ಇನ್ನೊಂದು ನಿಯಮದಲ್ಲಿ ಮಿತಿ ಅತಿ ಬಿಗಿಯಾಗುವುದೂ ಅದೇ ರಾತ್ರಿಯಲ್ಲಿ. ಠಾಣೆಯವರ ಪ್ರಶ್ನೆ ತಮಾಷೆಯದಲ್ಲ ಮೇಡಂ. ಅದಕ್ಕೆ ಪುಸ್ತಕದಲ್ಲೂ ಉತ್ತರ ಇಲ್ಲ.

ಆದರೆ ಹಾರ್ನ್ ಬಗ್ಗೆ ಉತ್ತರ ಇದೆ. ಶಬ್ದ ನಿಯಮಗಳಿಗೆ 2010ರ ತಿದ್ದುಪಡಿಯಲ್ಲಿ 5ಎ ನಿಯಮ ಸೇರಿತು. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ತುರ್ತು ಪರಿಸ್ಥಿತಿ ಬಿಟ್ಟು ಹಾರ್ನ್ ಹೊಡೆಯುವ ಹಾಗೇ ಇಲ್ಲ. ಸಂತರೇ, ನಿಮ್ಮ ರೆಡಿ ಮಿಕ್ಸಿಗೂ ಅಲ್ಲೇ ಮದ್ದಿದೆ. ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ವಸತಿ ಪ್ರದೇಶದಲ್ಲಿ ರಾತ್ರಿ ಓಡಿಸಬಾರದು ಅಂತಿದೆ.

ಕೆಂಪುದೀಪ | ಭಾನುವಾರ, ಬೆಳಿಗ್ಗೆ 8.40

ಹತ್ತಿರದಲ್ಲಿ ಆಸ್ಪತ್ರೆಯೋ ಸ್ಕೂಲೋ ಇದ್ದರೆ ಕೆಲಸ ಸುಲಭ. ನೂರು ಮೀಟರ್ ಒಳಗೆ ತಾನಾಗಿಯೇ ಸೈಲೆನ್ಸ್ ಝೋನ್. ರಾತ್ರಿ ಮಿತಿ 40.

ರೂಲ್ಸ್‌ಪುಸ್ತಕ | ಭಾನುವಾರ, ಬೆಳಿಗ್ಗೆ 9.10

ಮಿತಿ 40 ಸರಿ, "ತಾನಾಗಿಯೇ" ಅನ್ನುವುದು ಮೊದಲಿನ ಮಾತು. 2017ರ ತಿದ್ದುಪಡಿ ಆದಮೇಲೆ ರಾಜ್ಯ ಸರ್ಕಾರ ಘೋಷಣೆ ಮಾಡಿದರೆ ಮಾತ್ರ ನಿಶ್ಶಬ್ದ ವಲಯ. ಆಸ್ಪತ್ರೆ ಗೋಡೆಗೆ ತಗಡು ಬೋರ್ಡು ಹೊಡೆದರೆ ಸಾಲದು.

ಹತ್ತುಚಕ್ರ | ಭಾನುವಾರ, ಮಧ್ಯಾಹ್ನ 12.15

ನಮಸ್ಕಾರ. ನಾನು ಚಳ್ಳಕೆರೆ ಕಡೆಯವನು. ಹದಿನಾರು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಈರುಳ್ಳಿ ಸೀಸನ್‌ನಲ್ಲಿ ವಾರಕ್ಕೆರಡು ಸಲ ಯಾರ್ಡಿಗೆ ಬರುತ್ತೇನೆ. ಅಕ್ಕ, ನಿಮ್ಮ ಬೀದಿಗೆ ನಾನೂ ಬಂದಿರಬಹುದು. ಗುಡಿ ತಿರುವು ಅಂದಿರಲ್ಲ, ಗೊತ್ತಾಯಿತು. ಮೊದಲು ತಪ್ಪಾಯಿತು ಅಂತ ಹೇಳಿಬಿಡುತ್ತೇನೆ. ಆಮೇಲೆ ನಮ್ಮದನ್ನೂ ಸ್ವಲ್ಪ ಕೇಳಿ.

ನಾವು ಸಂಜೆ ಹೊತ್ತಿಗೆ ನೆಲಮಂಗಲ ಮುಟ್ಟುತ್ತೇವೆ. ಒಳಗೆ ಬಿಡುವ ಹೊತ್ತಿನವರೆಗೆ ರಸ್ತೆ ಪಕ್ಕ ನಿಂತಿರಬೇಕು. ಊಟಕ್ಕೆ ಡಾಬಾ ಸಿಗುತ್ತದೆ. ಸ್ನಾನಕ್ಕೆ, ಇನ್ನೊಂದಕ್ಕೆ ಜಾಗ ಹುಡುಕಬೇಕು. ಟಾರ್ಪಾಲ್ ಒಳಗೆ ಈರುಳ್ಳಿ ಬೆವರುತ್ತಿರುತ್ತದೆ. ಹೊತ್ತಾಯಿತು ಅಂದ ತಕ್ಷಣ ಎಲ್ಲ ಗಾಡಿಗಳೂ ಒಟ್ಟಿಗೆ ಹೊರಡುತ್ತವೆ, ಡ್ಯಾಮಿನ ಗೇಟು ಎತ್ತಿದ ಹಾಗೆ. ಎಲ್ಲರಿಗೂ ಮೊದಲು ಯಾರ್ಡ್ ಸೇರಬೇಕು, ಯಾಕಂದರೆ ಹಮಾಲಿಗಳು ಸಿಗುವುದು ಸಾಲಿನಲ್ಲಿ ಮುಂದಿದ್ದವರಿಗೆ. ಹಿಂದೆ ಬಿದ್ದರೆ ಬೆಳಗಾಗುವುದರೊಳಗೆ ಇಳಿಸಿ ವಾಪಸ್ ಹೊರಗೆ ಹೋಗಲು ಆಗುವುದಿಲ್ಲ, ಮತ್ತೆ ನೋ ಎಂಟ್ರಿಗೆ ಸಿಕ್ಕಿ ಒಂದು ದಿನ ಹೋಗುತ್ತದೆ. ಒಂದು ದಿನ ಅಂದರೆ ಬಾಡಿಗೆ, ಭತ್ಯೆ, ಓನರ್ ಬೈಗುಳ ಎಲ್ಲ ಸೇರಿ.

ಯೂ ಟರ್ನ್ ಮುಚ್ಚಿದ ಮೇಲೆ ಮುಂದಿನದರಲ್ಲಿ ಹತ್ತು ಚಕ್ರದ ಗಾಡಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಎರಡು ಸಲ ರಿವರ್ಸ್ ತೆಗೆಯಬೇಕು, ಹಿಂದೆ ಬಸ್ಸು ಬೈಕು ಎಲ್ಲ ಬಾಯಿ ಮಾಡುತ್ತವೆ. ಮೊಬೈಲ್ ಮ್ಯಾಪು ನಿಮ್ಮ ಬೀದಿ ತೋರಿಸುತ್ತದೆ. ಅದಕ್ಕೆ ನಮ್ಮದು ಲಾರಿ ಅಂತ ಗೊತ್ತಿಲ್ಲ, ಕಾರು ಅಂದುಕೊಂಡಿರುತ್ತದೆ.

ಹಾರ್ನ್ ಯಾಕೆ ಅಂದರೆ, ಗುಡಿ ಮೂಲೆಯಲ್ಲಿ ಆ ಕಡೆ ಏನಿದೆ ಅಂತ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಲೈಟಿಲ್ಲದ ಸ್ಕೂಟರ್ ಬರುತ್ತದೆ, ನಾಯಿ ಮಲಗಿರುತ್ತದೆ. ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಮೂವತ್ತಡಿ ರಸ್ತೆ ಅಂತೀರಿ. ಎರಡೂ ಕಡೆ ನಿಮ್ಮ ಕಾರುಗಳನ್ನು ಬಿಟ್ಟರೆ ಉಳಿಯುವುದು ಎಷ್ಟು ಅಡಿ?

ಎರಡನೇಮಹಡಿ | ಭಾನುವಾರ, ಮಧ್ಯಾಹ್ನ 1.30

ಕಾರಿನ ಮಾತು ನಾಟಿತು ಅಣ್ಣ. ನಮ್ಮದೂ ಒಂದು ಹೊರಗೇ ನಿಲ್ಲುತ್ತದೆ. ಗೇಟೊಳಗೆ ಮಗನ ಬೈಕು, ತುಳಸಿ ಕಟ್ಟೆ, ಹಳೇ ವಾಷಿಂಗ್ ಮಷೀನು.

ಸಿಲ್ಕ್‌ಬೋರ್ಡ್‌ಸಂತ | ಭಾನುವಾರ, ಮಧ್ಯಾಹ್ನ 1.41

ತುಳಸಿ ಕಟ್ಟೆ ಸರಿ. ವಾಷಿಂಗ್ ಮಷೀನ್ ಯಾವ ವ್ರತಕ್ಕೆ?

ಎಂಟನೇಮೈಲಿ | ಭಾನುವಾರ, ಸಂಜೆ 5.50

ನಮ್ಮ ಮನೆ ತುಮಕೂರು ರಸ್ತೆಗೆ ಮುಖ ಮಾಡಿಕೊಂಡಿದೆ, ದಾಸರಹಳ್ಳಿ ದಾಟಿ ಎಂಟನೇ ಮೈಲಿ ಕಡೆ. ಲಾರಿ ಸದ್ದಿನಲ್ಲಿ ನಾವು ಪಿಎಚ್‌ಡಿ ಮಾಡಿದವರು, ಹಾಗಾಗಿ ಒಂದು ಕಥೆ.

ಪೀಣ್ಯ ಮೇಲ್ಸೇತುವೆ ಗೊತ್ತಲ್ಲ, ಗೊರಗುಂಟೆಪಾಳ್ಯದಿಂದ ನಾಗಸಂದ್ರ ಕಡೆಗೆ ಸುಮಾರು 4.2 ಕಿಲೋಮೀಟರು. 2021ರ ಡಿಸೆಂಬರ್‌ನಲ್ಲಿ ಅದರ ಒಳಗಿನ ಕೇಬಲ್ಲುಗಳು ಹಾಳಾಗಿವೆ ಅಂತ ಪೂರ್ತಿ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಕಾರು, ಬೈಕು ಬಿಟ್ಟರು. ಲಾರಿ, ಬಸ್ಸು ಮಾತ್ರ ಕೆಳಗೇ. 2024ರ ಜುಲೈ ಕೊನೆಯವರೆಗೂ ಕೆಳಗೇ. ಎರಡೂವರೆ ವರ್ಷ! ಹಾಸನ, ಹುಬ್ಬಳ್ಳಿ, ಪುಣೆ ಕಡೆಯಿಂದ ಬರುವ ಗಾಡಿಯೆಲ್ಲ ನಮ್ಮ ಬಾಗಿಲ ಮುಂದೆ ಗೇರು ಬದಲಿಸುತ್ತಿತ್ತು. ಮೇಲೆ ಓಡುವ ಲಾರಿ ಒಂದೇ ಸಮ ಗುಂಯ್ ಅನ್ನುತ್ತದೆ, ಅದು ಪರವಾಗಿಲ್ಲ. ಕೆಳಗೆ ನಿಂತು ನಿಂತು ಹೊರಡುತ್ತದಲ್ಲ, ಬ್ರೇಕಿನ ಗಾಳಿ ಉಸ್ಸೆನ್ನುವುದು, ಫಸ್ಟ್ ಗೇರಿನ ಎಳೆತ, ಹಿಂದಿನವನ ಹಾರ್ನು, ಅದು ಪ್ರಾಣ ತಿನ್ನುತ್ತದೆ.

ಆಮೇಲೆ ಭಾರಿ ವಾಹನ ಬಿಟ್ಟಾಗಲೂ ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಬೇಡ ಅಂದರು. ವಾರಕ್ಕೊಂದು ದಿನ ಸೇತುವೆಗೆ ರಜೆ. ನಮ್ಮಮ್ಮ ಕ್ಯಾಲೆಂಡರ್ ನೋಡುವುದನ್ನೇ ಬಿಟ್ಟರು. ಬೆಳಿಗ್ಗೆ ಕಿಟಕಿ ಅದುರಿದರೆ "ಇವತ್ತು ಶುಕ್ರವಾರ, ಲಕ್ಷ್ಮೀಗೆ ಹೂವು ತಾ" ಅನ್ನುತ್ತಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಒಂದು ಕಡೆ ಮುಚ್ಚಿದರೆ ಲಾರಿ ಮಾಯ ಆಗುವುದಿಲ್ಲ. ಇನ್ನೊಬ್ಬರ ಮನೆ ಮುಂದೆ ಹೋಗುತ್ತದೆ.

ಹೊರವರ್ತುಲ | ಭಾನುವಾರ, ರಾತ್ರಿ 8.00

ಇದಕ್ಕೆಲ್ಲ ಒಂದೇ ಪರಿಹಾರ. ಊರೊಳಗೆ ಲಾರಿಯೇ ಬರಬಾರದು. ನೈಸ್ ರಸ್ತೆ ಇದೆ. ಸ್ಯಾಟಲೈಟ್ ಟೌನ್ ರಿಂಗ್ ರೋಡಿನಲ್ಲಿ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಭಾಗ ಓಡಾಟಕ್ಕೆ ಸಿಕ್ಕಿದೆ. ಅಲ್ಲೇ ಕಳಿಸಿ.

ಮಂಡಿಯಂಗಡಿ | ಭಾನುವಾರ, ರಾತ್ರಿ 9.25

ಪುಣೆಯಿಂದ ಚೆನ್ನೈಗೆ ಹೋಗುವ ಲಾರಿಯನ್ನು ಹಾಗೆ ಕಳಿಸಬಹುದು ಸಾರ್. ಯಶವಂತಪುರಕ್ಕೇ ಬರುವ ಈರುಳ್ಳಿಯನ್ನು ಹೊಸಕೋಟೆಗೆ ಕಳಿಸಿ ಏನು ಮಾಡಲಿ? ಹಾದು ಹೋಗುವ ಗಾಡಿ ಬೇರೆ, ಊರಿಗೇ ಬರುವ ಗಾಡಿ ಬೇರೆ. ರಿಂಗ್ ರೋಡು ಮೊದಲನೆಯದಕ್ಕೆ. ದಾಸನಪುರದಲ್ಲೂ ಮಾರುಕಟ್ಟೆ ಇದೆ, ಪೂರ್ತಿ ಅಲ್ಲಿಗೇ ಹೋಗಿ ಅನ್ನುವವರಿದ್ದಾರೆ. ಹೋದರೂ ಅಲ್ಲಿಂದ ನಿಮ್ಮ ಬೀದಿ ಕೊನೆಯ ಅಂಗಡಿಗೆ ಮೂಟೆ ಬರಬೇಕಲ್ಲ. ಒಂದು ಹತ್ತು ಚಕ್ರದ ಗಾಡಿ ಬದಲು ಹತ್ತಾರು ಗೂಡ್ಸ್ ಆಟೋ ಬರುತ್ತವೆ. ಅವುಗಳ ಸೈಲೆನ್ಸರ್ ಯಾವತ್ತಾದರೂ ಕೇಳಿದ್ದೀರಾ?

ನಾನು ಮಂಡಿ ಪರವಾಗಿ ಮಾತಾಡುತ್ತೇನೆ ಅಂತ ಗೊತ್ತು. ಆದರೂ ಕೇಳುತ್ತೇನೆ. ಬೆಳಿಗ್ಗೆ ದೋಸೆ ಪಲ್ಯಕ್ಕೆ ಈರುಳ್ಳಿ ಬೇಕು, ಅದು ಸದ್ದಿಲ್ಲದೆ ಬರಬೇಕು ಅಂದರೆ ಹೊತ್ತುಕೊಂಡೇ ಬರಬೇಕು.

ಡೆಸಿಬೆಲ್‌ದಾಸ | ಸೋಮವಾರ, ಬೆಳಿಗ್ಗೆ 10.30

ನನ್ನ ಕೆಲಸ ಸದ್ದು ಅಳೆಯುವುದು, ಹೆಚ್ಚಾಗಿ ಕಾರ್ಖಾನೆಗಳಲ್ಲಿ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಜಗಳ ಎಲ್ಲಿ ಮಾಡಬೇಕು ಅಂತ ಗೊತ್ತಾಗುತ್ತದೆ.

ನಿಯಮದ 45 ಡೆಸಿಬೆಲ್ ಅನ್ನುವುದು ಆ ಕ್ಷಣದ ಸದ್ದಲ್ಲ. ಅಷ್ಟೂ ಹೊತ್ತಿನ ಸರಾಸರಿ. ಮಾಮೂಲಿ ಸರಾಸರಿಯೂ ಅಲ್ಲ, ಶಕ್ತಿಯ ಸರಾಸರಿ. 3 ಡೆಸಿಬೆಲ್ ಏರಿದರೆ ಶಕ್ತಿ ಎರಡರಷ್ಟು, 10 ಏರಿದರೆ ಹತ್ತರಷ್ಟು, 20 ಏರಿದರೆ ನೂರರಷ್ಟು. ಅದಕ್ಕೇ ಒಂದು ಚಿಕ್ಕ ಗಲಾಟೆ ಇಡೀ ಗಂಟೆಯ ಲೆಕ್ಕ ಕೆಡಿಸುತ್ತದೆ.

ನಿಮ್ಮ ಬೀದಿ ರಾತ್ರಿ ಸರಿಯಾಗಿ 45ರಲ್ಲೇ ಇದೆ ಅಂದುಕೊಳ್ಳಿ. ಗಂಟೆಗೆ ಒಂದೇ ಒಂದು ಲಾರಿ, ನಿಮ್ಮ ಕಿಟಕಿ ಹತ್ತಿರ 80 ಡೆಸಿಬೆಲ್‌ನಲ್ಲಿ ಹತ್ತು ಸೆಕೆಂಡು ಹೋಯಿತು. ಉಳಿದ ಐವತ್ತೊಂಬತ್ತು ಚಿಲ್ಲರೆ ನಿಮಿಷ ಪಿನ್ ಬಿದ್ದರೂ ಕೇಳುವಷ್ಟು ಶಾಂತ. ಆದರೂ ಆ ಗಂಟೆಯ ಸರಾಸರಿ ಸುಮಾರು 55. ಹತ್ತು ಲಾರಿ ಹೋದರೆ 64ರ ಮೇಲೆ. ಅಂದರೆ 45 ಅನ್ನುವುದು ಲಾರಿ ಓಡುವ ಬೀದಿಗೆ ಸಿಗುವ ಸಂಖ್ಯೆಯೇ ಅಲ್ಲ. ಒಂದು ಲಾರಿಗೇ ಮುಗಿಯಿತು.

ಈಗ ಹಾರ್ನ್ ನೋಡಿ. ಕಂಪನಿಯಿಂದ ಬರುವ ಹಾರ್ನಿಗೇ 93ರಿಂದ 112 ಡೆಸಿಬೆಲ್‌ವರೆಗೆ ಅನುಮತಿ ಇದೆ. ನಿಮ್ಮ ಕಿಟಕಿಗೆ 95 ತಲುಪಿತು, ಎರಡೇ ಸೆಕೆಂಡು, ಅಂದುಕೊಳ್ಳೋಣ. ಆ ಎರಡು ಸೆಕೆಂಡಿನ ಶಕ್ತಿ ಆರು ಲಾರಿ ಸುಮ್ನೆ ಹಾದು ಹೋದದ್ದಕ್ಕೆ ಸಮ. ಹಾರ್ನ್ ನಿಂತರೆ ನಿಮ್ಮ ಹನ್ನೊಂದು ಲಾರಿಯೂ ಹೋಗಲಿ, ಸದ್ದು ಮಾತ್ರ ಒಂದೆರಡು ಲಾರಿಯಷ್ಟಕ್ಕೆ ಇಳಿಯುತ್ತದೆ. ಹಂಪಿನ ಕುಲುಕಾಟದ ಲೆಕ್ಕ ಇನ್ನೂ ಸೇರಿಸಿಲ್ಲ.

ನಾನಾಗಿದ್ದರೆ ಲಾರಿ ಸಂಖ್ಯೆ ಹಿಂದೆ ಹೋಗುವುದಿಲ್ಲ. ಹಾರ್ನು, ಹಂಪು, ಮತ್ತೆ ಆ ಡಣ್ ಡಣ್ ಏನು ಅಂತ ಹುಡುಕುತ್ತೇನೆ.

ಎರಡನೇಮಹಡಿ | ಸೋಮವಾರ, ಬೆಳಿಗ್ಗೆ 11.00

ಮೊಬೈಲ್ ಆ್ಯಪಿನಲ್ಲಿ 78 ತೋರಿಸಿತು ಮೊನ್ನೆ. ಅದನ್ನೇ ದೂರಿನಲ್ಲಿ ಬರೆಯಲಾ?

ಡೆಸಿಬೆಲ್‌ದಾಸ | ಸೋಮವಾರ, ಬೆಳಿಗ್ಗೆ 11.20

ಬರೆಯಿರಿ, ಅದರ ಮೇಲೆ ಕಾನೂನಿನ ಮನೆ ಕಟ್ಟಬೇಡಿ. ಫೋನಿನ ಮೈಕು ಮಾತಿಗೆ ಅಂತ ಮಾಡಿದ್ದು. ಜೋರು ಸದ್ದನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಶಬ್ದ ಮಾಪನ ಜಾಲ 2011ರಲ್ಲಿ ಶುರುವಾದದ್ದು. ಬೆಂಗಳೂರಿನಲ್ಲೂ ಪೀಣ್ಯ, ಬಿಟಿಎಂ, ಮಾರತ್ತಹಳ್ಳಿಯಂಥ ಕಡೆ ಯಂತ್ರ ಇದೆ. ಅವು ಊರಿನ ಜ್ವರ ನೋಡುತ್ತವೆ, ನಿಮ್ಮ ಬೀದಿಯದಲ್ಲ.

ರೂಲ್ಸ್‌ಪುಸ್ತಕ | ಸೋಮವಾರ, ಮಧ್ಯಾಹ್ನ 12.05

ದಾಸರ ಲೆಕ್ಕದಲ್ಲಿ ಒಂದು ಉಪಯೋಗ ಕಂಡಿತು. ಶಬ್ದ ನಿಯಮಗಳ 7ನೆಯದರಲ್ಲಿ ದೂರಿಗೆ ಎರಡು ಬಾಗಿಲು. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ದೂರು ಕೊಡಬಹುದು. ಅದಕ್ಕೆ ಅಳತೆ ಬೇಕು. ಇಲ್ಲವೇ ರಾತ್ರಿ ಹೊತ್ತಿನ ನಿರ್ಬಂಧ ಮುರಿದರೂ ದೂರು ಕೊಡಬಹುದು. ಇದಕ್ಕೆ ಸಂಖ್ಯೆ ಬೇಡ. ರಾತ್ರಿ 2ಕ್ಕೆ ವಸತಿ ಬೀದಿಯಲ್ಲಿ ಹಾರ್ನ್ ಹೊಡೆದ, ಅಷ್ಟೇ ಸಾಕು. ಹೆಚ್ಚಿನವರು ಮೊದಲ ಬಾಗಿಲಲ್ಲೇ ಆ್ಯಪ್ ಹಿಡಿದುಕೊಂಡು ನಿಂತಿರುತ್ತಾರೆ.

ಮೋಟಾರು ಕಾಯ್ದೆಯಲ್ಲೂ 2019ರ ತಿದ್ದುಪಡಿಯಿಂದ 194ಎಫ್ ಸೆಕ್ಷನ್ ಬಂದಿದೆ. ಸುಮ್‌ಸುಮ್ನೆ, ಬಿಡದೆ, ಸುರಕ್ಷತೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾರ್ನ್ ಹೊಡೆದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿದರೆ 2,000. ಹಲವು ಸ್ವರದ ಹಾರ್ನು, ಕರ್ಕಶ ಏರ್ ಹಾರ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ರ ಪ್ರಕಾರ ಗಾಡಿಯಲ್ಲಿ ಇರಲೇಬಾರದು, ಹೊಡೆಯುವ ಮಾತು ಆಮೇಲೆ.

ಆದರೆ "ಸುರಕ್ಷತೆಗೆ ಬೇಕಾದ್ದು" ಅನ್ನುವ ಮಾತು ನಮ್ಮ ಹತ್ತುಚಕ್ರ ಅವರ ಪರ ಇದೆ. ಕಾಣದ ತಿರುವಿನಲ್ಲಿ ಒಂದು ಚಿಕ್ಕ ಹಾರ್ನ್ ತಪ್ಪು ಅಂತ ಯಾರು ಹೇಳುತ್ತಾರೆ? ತಿರುವು ಕಾಣುವ ಹಾಗೆ ಮಾಡಿದರೆ ಆ ನೆಪ ಇರುವುದಿಲ್ಲ.

ಹತ್ತುಚಕ್ರ | ಸೋಮವಾರ, ಸಂಜೆ 4.40

ಘಾಟ್ ತಿರುವಿನಲ್ಲಿ ದುಂಡು ಕನ್ನಡಿ ಹಾಕಿರುತ್ತಾರಲ್ಲ, ಅದನ್ನು ಗುಡಿ ಎದುರಿನ ಕಂಬಕ್ಕೆ ಹಾಕಿ. ತಿರುವಿನಿಂದ ಎರಡು ಕಾರು ತೆಗೆಸಿ. ನಾನು ಹಾರ್ನ್ ಮುಟ್ಟಿದರೆ ಕೇಳಿ. ಏರ್ ಹಾರ್ನ್ ನನ್ನ ಗಾಡಿಯಲ್ಲಿ ಇತ್ತು, ಸುಳ್ಳು ಹೇಳುವುದಿಲ್ಲ. ಒಂದು ಸಲ ಚೆಕಿಂಗ್‌ನಲ್ಲಿ ಕಿತ್ತುಕೊಂಡರು, ಮತ್ತೆ ಹಾಕಿಸಿಲ್ಲ.

ಹಂಪಿನ ಸದ್ದು ಖಾಲಿ ಗಾಡಿಯದ್ದು ಜಾಸ್ತಿ ಯಾಕೆ ಗೊತ್ತಾ ಅಕ್ಕ? ಗಾಡಿ ಕೆಳಗಿನ ಸ್ಪ್ರಿಂಗ್ ಪಟ್ಟಾಗಳು ಟನ್‌ಗಟ್ಟಲೆ ಭಾರಕ್ಕೆ ಅಂತ ಮಾಡಿದವು. ಭಾರ ಇಲ್ಲದಿದ್ದರೆ ಬಗ್ಗುವುದೇ ಇಲ್ಲ, ಗಾಡಿ ಪೂರ್ತಿ ಎಗರುತ್ತದೆ. ಹಿಂದಿನ ಬಾಗಿಲಿನ ಸರಪಳಿ, ಜಾಕಿ, ಖಾಲಿ ಡಬ್ಬ ಎಲ್ಲ ಕುಣಿಯುತ್ತವೆ. ಸರಪಳಿಗೆ ಹಳೇ ಟ್ಯೂಬ್ ಸುತ್ತಿದರೆ ಅರ್ಧ ಕಡಿಮೆ. ಕ್ಲೀನರ್ ಹುಡುಗನಿಗೆ ಐದು ನಿಮಿಷದ ಕೆಲಸ. ಹೇಳಿದರೆ ಮಾಡುತ್ತಾರೆ, ಹೇಳುವವರು ಬೇಕು.

ಎಂಟನೇಮೈಲಿ | ಸೋಮವಾರ, ರಾತ್ರಿ 7.15

ಹಂಪು ಯಾರು ಹಾಕಿದ್ದು ಅಂತ ಕೇಳಿ ಮೊದಲು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ದಿಬ್ಬದ ಹಾಗೆ ನಿಧಾನಕ್ಕೆ ಏರಿ ಇಳಿಯುತ್ತದೆ. ನಮ್ಮ ಬೀದಿಗಳಲ್ಲಿ ಇರುವುದು ಅಡ್ಡ ಮಲಗಿಸಿದ ದಿಮ್ಮಿ.

ಎರಡನೇಮಹಡಿ | ಸೋಮವಾರ, ರಾತ್ರಿ 9.50

ಯಾರು ಹಾಕಿದ್ದು ಅಂತ ಹೇಳಿದರೆ ನಗುತ್ತೀರಿ. ನಾವೇ. ಆರು ವರ್ಷದ ಹಿಂದೆ ಹುಡುಗರು ಬೈಕ್ ಜೋರಾಗಿ ಓಡಿಸುತ್ತಾರೆ ಅಂತ ಬೀದಿಯವರೆಲ್ಲ ಸೇರಿ, ರಸ್ತೆಗೆ ಡಾಂಬರು ಹಾಕಲು ಬಂದವರಿಗೆ ಕಾಫಿ ಕೊಟ್ಟು ಹಾಕಿಸಿಕೊಂಡದ್ದು. ನಮ್ಮ ಯಜಮಾನರೇ ಮುಂದೆ ನಿಂತಿದ್ದರು. ಈಗ ಏನೂ ಗೊತ್ತಿಲ್ಲದ ಹಾಗೆ ಪೇಪರ್ ಓದುತ್ತಿದ್ದಾರೆ.

ಸಿಲ್ಕ್‌ಬೋರ್ಡ್‌ಸಂತ | ಸೋಮವಾರ, ರಾತ್ರಿ 9.52

ಇದಕ್ಕಿಂತ ಒಳ್ಳೆಯ ಸುದ್ದಿ ಈ ವಾರ ಓದಿಲ್ಲ.

ಎರಡನೇಮಹಡಿ | ಗುರುವಾರ, ಬೆಳಿಗ್ಗೆ 6.40

ಡಣ್ ಡಣ್ ಸಿಕ್ಕಿತು!

ಮೊನ್ನೆ ರಾತ್ರಿ ಎರಡು ಗಂಟೆಗೆ ನಾನು, ಮಗ ಟಾರ್ಚ್ ಹಿಡಿದು ಗೇಟಿನ ಹತ್ತಿರ ನಿಂತೆವು. ಹಂಪು ಇಳಿದ ಆರಡಿಗೆ ಒಂದು ಮ್ಯಾನ್‌ಹೋಲ್ ಮುಚ್ಚಳ. ಒಂದು ಕಡೆ ಕೂತಿಲ್ಲ, ಅಲ್ಲಾಡುತ್ತದೆ. ಲಾರಿಯ ಮುಂದಿನ ಚಕ್ರ ಹಂಪಿನಿಂದ ಧೊಪ್ ಅಂತ ಬಿದ್ದು ಮುಂದಕ್ಕೆ ಉರುಳಿದರೆ ಸರಿಯಾಗಿ ಅದರ ಮೇಲೆ. ಡಣ್. ಆಮೇಲೆ ಹಿಂದಿನ ಚಕ್ರ. ಡಣ್. ಅತ್ತೆಯ ಗೇಟ್ ಬಡಿಯುವವನು ಇವನೇ.

ನಿನ್ನೆ ಬೆಳಿಗ್ಗೆ ಫೋನ್ ಮಾಡಿದೆ. ಒಂದು ಕಚೇರಿಯವರು ರಸ್ತೆ ಎತ್ತರ ಮಾಡಿದವರು ಸರಿ ಮಾಡಬೇಕು ಅಂದರು. ರಸ್ತೆಯವರು ಮುಚ್ಚಳ ನಮ್ಮದಲ್ಲ ಅಂದರು. ಮೊದಲು ಪಾಲಿಕೆ ಒಂದಿತ್ತು, 2025ರ ಸೆಪ್ಟೆಂಬರ್‌ನಿಂದ ಐದು ಆಗಿವೆ, ನನ್ನ ಹತ್ತಿರ ಇದ್ದ ನಂಬರುಗಳೆಲ್ಲ ಹಳೆಯವು. ಕೊನೆಗೆ ಮೂಲೆ ಪಂಕ್ಚರ್ ಅಂಗಡಿಯವರು ಲಾರಿ ಟ್ಯೂಬ್ ಕತ್ತರಿಸಿ ಮುಚ್ಚಳದ ಸುತ್ತ ಬಿಗಿಯಾಗಿ ಕೂರಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ನಿನ್ನೆ ರಾತ್ರಿ ಅತ್ತೆ ಒಂದೇ ಸಲ ಎದ್ದದ್ದು, ಅದೂ ನೀರಿಗೆ.

ಡೆಸಿಬೆಲ್‌ದಾಸ | ಗುರುವಾರ, ಬೆಳಿಗ್ಗೆ 9.00

ಭೇಷ್. ಟ್ಯೂಬ್ ಮಾತ್ರ ತಾತ್ಕಾಲಿಕ. ಮುಚ್ಚಳ ಅಂಚಿನಿಂದ ಮೇಲೆ ಎದ್ದರೆ ಮಳೆಯಲ್ಲಿ ಬೈಕ್ ಜಾರುತ್ತದೆ. ಚೌಕಟ್ಟನ್ನೇ ಎತ್ತರಿಸಿ ಸಿಮೆಂಟ್ ಹಾಕಿಸುವವರೆಗೆ ಬಿಡಬೇಡಿ.

ರೂಲ್ಸ್‌ಪುಸ್ತಕ | ಗುರುವಾರ, ಬೆಳಿಗ್ಗೆ 10.15

ಈಗ ಲಾರಿ ದಾರಿಯ ವಿಷಯ. ಟ್ರಾಫಿಕ್ ವಿಭಾಗದ ಎಸಿಪಿ ಅವರಿಗೆ ಅರ್ಜಿ ಬರೆಯಿರಿ. ಶಬ್ದ ನಿಯಮದಲ್ಲೂ ದೂರು ಕೇಳುವ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆ ಇರುವ ಹಾಗಿಲ್ಲ, ಪೊಲೀಸ್ ಕಮಿಷನರ್ ಕೂಡ ಸೇರುತ್ತಾರೆ. ಅರ್ಜಿಯಲ್ಲಿ ಕಾಯಂ ನಿಷೇಧ ಕೇಳಬೇಡಿ. 115ನೇ ಸೆಕ್ಷನ್‌ನಲ್ಲೇ ಒಂದು ಅನುಕೂಲ ಇದೆ. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಪ್ರಕಟಣೆ ಬೇಕಿಲ್ಲ, ಸ್ಥಳೀಯವಾಗಿ ತಿಳಿಸಿದರೆ ಸಾಕು. ಒಂದು ತಿಂಗಳು ನೋಡೋಣ ಅಂತ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಬೋರ್ಡಿನಲ್ಲಿ 12 ಟನ್, ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂತ ಸ್ಪಷ್ಟವಾಗಿರಲಿ.

ಹಿಂದಿನಕ್ರಾಸ್ | ಗುರುವಾರ, ಸಂಜೆ 6.30

ಮೂರು ದಿನದಿಂದ ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು. ನಾನು ಮೇಡಂ ಅವರ ಹಿಂದಿನ ಕ್ರಾಸಿನವನು. ನಿಮ್ಮ ಬೀದಿಗೆ ಬೋರ್ಡು ಬಿದ್ದರೆ ಅವತ್ತು ರಾತ್ರಿಯೇ ಲಾರಿಗಳೆಲ್ಲ ನಮ್ಮ ಬೀದಿಗೆ ಬರುತ್ತವೆ. ನಮ್ಮದು ಇಪ್ಪತ್ತೈದಡಿ. ನಮ್ಮ ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ನಾವೂ ಅರ್ಜಿ ಬರೆಯಬೇಕಾ? ಬರೆದರೆ ಅದರ ಹಿಂದಿನವರೂ ಬರೆಯಬೇಕಾ?

ಎಂಟನೇಮೈಲಿ | ಗುರುವಾರ, ರಾತ್ರಿ 7.00

ನಾನು ಭಾನುವಾರ ಹೇಳಿದ್ದು ಇದನ್ನೇ.

ಎರಡನೇಮಹಡಿ | ಗುರುವಾರ, ರಾತ್ರಿ 10.10

ಅರ್ಜಿ ಬರೆದು ಮೇಜಿನ ಮೇಲೆ ಇಟ್ಟಿದ್ದೆ. ಹಿಂದಿನ ಕ್ರಾಸಿನವರ ಮಾತು ಓದಿ ಮತ್ತೆ ಬಿಚ್ಚಿದೆ. ಎಂಟು ತಿಂಗಳ ಮಗುವಿನ ನಿದ್ದೆ ಕಿತ್ತು ಅತ್ತೆಗೆ ಕೊಡುವುದು ನನಗೆ ಆಗುವ ಕೆಲಸವಲ್ಲ.

ಹತ್ತುಚಕ್ರ ಅಣ್ಣ, ನೇರವಾಗಿ ಕೇಳುತ್ತೇನೆ. ಯೂ ಟರ್ನ್ ತೆರೆದರೆ ನೀವು ಈ ಕಡೆ ಬರುತ್ತೀರಾ?

ಹತ್ತುಚಕ್ರ | ಶುಕ್ರವಾರ, ಬೆಳಿಗ್ಗೆ 5.15

ಯಾಕೆ ಬರಲಿ ಅಕ್ಕ? ನಿಮ್ಮ ಬೀದಿಯಲ್ಲಿ ಕನ್ನಡಿ ಉಜ್ಜಿಕೊಂಡು, ಕೇಬಲ್ ವೈರಿಗೆ ಹೆದರಿಕೊಂಡು ಹೋಗುವುದು ನಮಗೆ ಇಷ್ಟವಾ? ಕಾಮಗಾರಿ ನಡೆಯುವುದು ಹಗಲು ಮಾತ್ರ. ರಾತ್ರಿ ಅಲ್ಲಿ ಇರುವುದು ನಾಲ್ಕು ಪ್ಲಾಸ್ಟಿಕ್ ಬ್ಯಾರಿಕೇಡು. ಹನ್ನೊಂದರಿಂದ ಐದರವರೆಗೆ ಅವನ್ನು ಪಕ್ಕಕ್ಕೆ ಸರಿಸಿದರೆ ಸಾಕು.

ಮಂಡಿಯಂಗಡಿ | ಶುಕ್ರವಾರ, ಬೆಳಿಗ್ಗೆ 11.45

ಇದಕ್ಕೆ ನಮ್ಮ ವರ್ತಕರ ಸಹಿಯೂ ಹಾಕಿಸಿಕೊಡುತ್ತೇನೆ. ಬೀದಿಯವರು, ಮಂಡಿಯವರು ಒಂದೇ ಕಾಗದದಲ್ಲಿ ಸಹಿ ಹಾಕಿದ್ದು ನಾನಂತೂ ನೋಡಿಲ್ಲ. ಡ್ರೈವರ್‌ಗಳಿಗೆ ಸರಪಳಿ, ಹಾರ್ನ್ ವಿಷಯ ನಮ್ಮ ಅಂಗಡಿ ಮುಂದೆ ಹೇಳುವ ಕೆಲಸವೂ ನಮ್ಮದು. ಬಾಡಿಗೆ ಕೊಡುವವರು ಹೇಳಿದರೆ ಕೇಳುತ್ತಾರೆ.

ಎರಡನೇಮಹಡಿ | ಮೂರು ವಾರದ ನಂತರ, ಶನಿವಾರ, ರಾತ್ರಿ 9.30

ಏನಾಯಿತು ಅಂತ ಕೆಲವರು ಕೇಳಿದ್ದೀರಿ.

ಎರಡು ಬೀದಿ, ಹನ್ನೆರಡು ಮಂಡಿ ಸಹಿ ಹಾಕಿದ ಕಾಗದ ಕೊಟ್ಟೆವು. ಯೂ ಟರ್ನ್ ರಾತ್ರಿ ತೆರೆಯಲು ಬಾಯಿ ಮಾತಿನಲ್ಲಿ ಒಪ್ಪಿದರು. ಬರವಣಿಗೆಯಲ್ಲಿ ಏನೂ ಕೊಟ್ಟಿಲ್ಲ. ಒಬ್ಬ ಹೋಂ ಗಾರ್ಡ್ ಹನ್ನೊಂದಕ್ಕೆ ಬಂದು ಬ್ಯಾರಿಕೇಡ್ ಸರಿಸುತ್ತಾರೆ. ಅವರು ಬಂದ ರಾತ್ರಿ ನಮ್ಮ ಬೀದಿಗೆ ಒಂದೋ ಎರಡೋ ಲಾರಿ. ಅವರಿಗೆ ಬೇರೆ ಕಡೆ ಡ್ಯೂಟಿ ಬಿದ್ದರೆ ಮತ್ತೆ ಒಂಬತ್ತು, ಹತ್ತು. ಅವರ ವಾರದ ರಜೆ ಮಂಗಳವಾರ. ನಮ್ಮ ಅತ್ತೆಗೂ ಈಗ ಕ್ಯಾಲೆಂಡರ್ ಬೇಡ.

ಕನ್ನಡಿ ಬಂತು, ಗುಡಿ ಸಮಿತಿಯವರು ಹಾಕಿಸಿದರು. ತಿರುವಿನ ಕಾರು ಎರಡೂ ಹೋದವು, ಒಂದು ನಮ್ಮದೇ. ವಾಷಿಂಗ್ ಮಷೀನ್ ಗುಜರಿಗೆ ಹಾಕಿದೆ. ಹಂಪು ಹಾಗೇ ಇದೆ. ತೆಗೆದರೆ ಬೈಕಿನವರು ಮತ್ತೆ ಹಾರಿಸುತ್ತಾರೆ ಅಂತ ಬೀದಿಯಲ್ಲಿ ಎರಡು ಪಾರ್ಟಿ ಆಗಿದೆ. ಯಜಮಾನರು ಹಂಪಿನ ಪಾರ್ಟಿ.

ಹಿಂದಿನಕ್ರಾಸ್ | ಶನಿವಾರ, ರಾತ್ರಿ 9.48

ನಮ್ಮ ಕಡೆ ಒಂದೂ ಬಂದಿಲ್ಲ. ಮಗು ಈಗ ಲಾರಿ ಇಲ್ಲದೆಯೂ ಏಳುತ್ತದೆ, ಅದು ಬೇರೆ ವಿಷಯ.

ಹತ್ತುಚಕ್ರ | ಬುಧವಾರ, ರಾತ್ರಿ 3.05

ಅಕ್ಕ, ಯಾರ್ಡಿನಲ್ಲಿ ಲೋಡ್ ಇಳಿಯುತ್ತಿದೆ, ಕೂತು ಬರೆಯುತ್ತಿದ್ದೇನೆ. ನಿನ್ನೆ ಮಂಗಳವಾರ ಅಲ್ವಾ, ಬ್ಯಾರಿಕೇಡ್ ಮುಚ್ಚೇ ಇತ್ತು. ಒಂದೂವರೆಗೆ ನಿಮ್ಮ ಬೀದಿಯಲ್ಲೇ ಬಂದೆ. ಕನ್ನಡಿ ಚೆನ್ನಾಗಿ ಕಾಣುತ್ತದೆ, ಹಾರ್ನ್ ಹೊಡೆಯಲಿಲ್ಲ. ಹಂಪಿನ ಹತ್ತಿರ ನಿಲ್ಲಿಸಿ ಫಸ್ಟ್ ಗೇರಲ್ಲಿ ಇಳಿಸಿದೆ. ಆದರೆ ನಿಮ್ಮ ಮುಚ್ಚಳದ ಟ್ಯೂಬು ಒಂದು ಕಡೆ ಕಿತ್ತು ಬಂದಿದೆ, ಹಿಂದಿನ ಚಕ್ರಕ್ಕೆ ಸದ್ದು ಮಾಡಿತು. ಅಮ್ಮ ಎದ್ದಿದ್ದರೆ ಗೇಟ್ ಬಡಿದವನು ನಾನೇ ಅಂತ ಹೇಳಿಬಿಡಿ.